ಹಿಂದಿನ ಟೈರು ನೋಡುವ ಮಾವ

ನಮ್ಮ ಸೋದರಮಾವ ಮನುಷ್ಯರ ಮುಖ ನೋಡಿ ಮಾತಾಡಿಸಿದ್ದನ್ನು ನಾನಂತೂ ಕಂಡಿಲ್ಲ. ಅವರು ನೋಡುವುದು ಟೈರು. ಅದರಲ್ಲೂ ಹಿಂದಿನ ಟೈರು! ನೀವು ಕಾರಿನಿಂದ ಇಳಿದು, ಕೈ ಮುಗಿದು, "ನಮಸ್ಕಾರ್ರೀ, ಆರಾಮಾ?" ಎಂದು ಹಲ್ಲು ಬಿಟ್ಟುಕೊಂಡು ನಿಂತಿರುತ್ತೀರಿ. ಮಾವ ನಿಮ್ಮನ್ನು ದಾಟಿಕೊಂಡು ಹೋಗಿ, ಕಾರಿನ ಹಿಂಬದಿಗೆ ಕುಕ್ಕರುಗಾಲಲ್ಲಿ ಕೂತು, ಟೈರಿನ ಗೀರಿನೊಳಗೆ ಹೆಬ್ಬೆರಳಿನ ಉಗುರು ತೂರಿಸಿ, ನಾಡಿ ಹಿಡಿದ ವೈದ್ಯರ ಹಾಗೆ ಕಣ್ಣು ಮುಚ್ಚುತ್ತಾರೆ. ಗೀರು ಆಳವಾಗಿದ್ದರೆ, "ಬರ್ರಿ, ಕೂಡ್ರಿ, ಟೀ ತರಿಸ್ತೀನಿ." ಆಳವಾಗಿಲ್ಲದಿದ್ದರೂ ಟೀ ಬರುತ್ತದೆ. ಅದರ ಜೊತೆಗೆ ಮುಕ್ಕಾಲು ಗಂಟೆಯ ಉಪನ್ಯಾಸವೂ ಬರುತ್ತದೆ, ಅದನ್ನು ಕುಡಿಯದೇ ಏಳುವ ಹಾಗಿಲ್ಲ.

ಮಾವನದು ಹರಿಹರದಲ್ಲಿ, ದಾವಣಗೆರೆಯಿಂದ ಊರೊಳಗೆ ಬರುವ ದಾರಿಯ ಬದಿಗೆ, ಮೂವತ್ತು ವರ್ಷದ ಟೈರ್ ಅಂಗಡಿ. ಒಂದು ಷಟರು, ಒಂದು ಗಾಳಿ ಯಂತ್ರ, ಒಂದು ಬೆಂಚು. ಗೋಡೆಯ ಮೇಲೆ ಮಾವನೇ ಬಣ್ಣ ಕಲಸಿ ಬರೆದ ಬೋರ್ಡು: "ಎರಡೇ ಟೈರು ಹೊಸದು ಹಾಕಿಸುವವರಿಗೆ, ಹೊಸದು ಹಿಂದಕ್ಕೆ ಮಾತ್ರ. ವಾದ ಮಾಡುವವರು ಮೊದಲು ಕೂತುಕೊಳ್ಳಿ." ಇಡೀ ಜಿಲ್ಲೆಯಲ್ಲಿ ಗಿರಾಕಿಗೆ ಷರತ್ತು ಹಾಕುವ ಅಂಗಡಿ ಇದೊಂದೇ ಇರಬೇಕು!

ಈ ವಾದ ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮಗೂ ತಲೆ ಕೆಡುತ್ತದೆ. ಈಗಿನ ಕಾರುಗಳನ್ನು ಎಳೆಯುವುದು ಮುಂದಿನ ಚಕ್ರ. ಹಾಗಾಗಿ ಮುಂದಿನ ಟೈರುಗಳೇ ಬೇಗ ಸವೆಯುತ್ತವೆ. ನಾಲ್ಕೂ ಒಟ್ಟಿಗೆ ಬದಲಿಸಲು ಎಲ್ಲರಿಗೂ ಆಗುತ್ತದೆಯೇ? ಎರಡು ಕೊಳ್ಳುತ್ತಾರೆ. ಸವೆದದ್ದು ಮುಂದಿನದು, ಆದ್ದರಿಂದ ಹೊಸದೂ ಮುಂದೆಯೇ ಬರಲಿ ಎನ್ನುತ್ತಾರೆ. ಸರಿಯಾಗಿಯೇ ಇದೆಯಲ್ಲ ಎನ್ನಿಸುತ್ತದೆಯೇ? ಹೈಸ್ಕೂಲಿನಲ್ಲಿ ಗಣಿತ ಹೇಳುವ ನನಗೂ ಹಾಗೇ ಅನ್ನಿಸಿತ್ತು. ಮಾವ ಮಾತ್ರ ಸವೆದ ಎರಡನ್ನು ಬಿಚ್ಚಿ ಎಸೆದು, ಹಿಂದಿದ್ದ ಅರೆ ಸವೆದವನ್ನು ಮುಂದಕ್ಕೆ ತಂದು, ಹೊಸದನ್ನು ಹಿಂದಕ್ಕೆ ಹಾಕುತ್ತಾರೆ. ಎರಡು ಪಟ್ಟು ಕೆಲಸ, ಮಜೂರಿ ಮಾತ್ರ ಅಷ್ಟೇ. ಬೇಡ ಎಂದರೆ ಟೈರನ್ನೇ ಮಾರುವುದಿಲ್ಲ.

ಇನ್ನು ಪೂಜೆಯ ಗಲಾಟೆ ಕೇಳಿ. ಹೊಸ ಟೈರು ಹಾಕಿಸಿದರೆ ನಮ್ಮ ಕಡೆಯವರು ಸುಮ್ಮನೆ ಮನೆಗೆ ಹೋಗುತ್ತಾರೆಯೇ? ಅಂಗಡಿಯ ಮುಂದೆಯೇ ಅರಿಶಿನ, ಕುಂಕುಮ, ಊದುಬತ್ತಿ, ಟೈರಿನ ಕೆಳಗೆ ನಿಂಬೆಹಣ್ಣು. ಒಮ್ಮೆ ಶಾಮನೂರಿನ ಕಡೆಯ ಒಬ್ಬ ಹಿರಿಯಾಕೆ ಮಗನ ಕಾರಿನ ಮುಂದಿನ ಟೈರುಗಳ ಕೆಳಗೆ ಎರಡು ನಿಂಬೆಹಣ್ಣು ಇಡಲು ಬಗ್ಗಿದರು. ಮಾವ ಎರಡೂ ಹಣ್ಣನ್ನು ಎತ್ತಿಕೊಂಡು ಹೋಗಿ ಹಿಂದಿನ ಟೈರುಗಳ ಮುಂದೆ ಇಟ್ಟರು.

"ಹೊಸಾವು ಇಲ್ಲಿ ಅದಾವೆ ಅವ್ವಾ. ಹಣ್ಣೂ ಇಲ್ಲೇ."

"ಯಪ್ಪಾ, ಪೂಜಿ ಯಾವತ್ತಾರ ಹಿಂದಕ್ಕ ಮಾಡ್ತಾರಾ? ದೇವ್ರು ಮುಂದ್ಲಿಂದ ನೋಡ್ತಾನ!"

"ದೇವ್ರು ಎಲ್ಲಾ ಕಡಿಗೂ ಅದಾನೆ ಅಂತೀರಿ, ಕಾರಿನ ಹಿಂದೆ ಮಾತ್ರ ಇಲ್ಲೇನು?"

ಆಕೆ ಅರ್ಧ ನಿಮಿಷ ಯೋಚಿಸಿ, ಚೀಲದಿಂದ ಇನ್ನೂ ಎರಡು ನಿಂಬೆಹಣ್ಣು ತೆಗೆದು ಮುಂದಕ್ಕೂ ಇಟ್ಟರು. ಅವತ್ತಿನಿಂದ ಮಾವನ ಅಂಗಡಿಯಲ್ಲಿ ನಾಲ್ಕು ನಿಂಬೆಹಣ್ಣಿನ ಪದ್ಧತಿ ಬಿತ್ತು. ಪಕ್ಕದ ತರಕಾರಿ ಗಾಡಿಯವನು ಮಾವನನ್ನು ಕಂಡರೆ ಇವತ್ತಿಗೂ ಎದ್ದು ನಿಲ್ಲುತ್ತಾನೆ.

ಮದುವೆಗೆ ಕರೆದುಕೊಂಡು ಹೋಗುವುದಂತೂ ಬೇಡವೇ ಬೇಡ! ಎಲ್ಲರೂ ಒಳಗೆ ಹೆಣ್ಣಿನ ಸೀರೆ ನೋಡುತ್ತಿದ್ದರೆ ಇವರು ಹೊರಗೆ ನಿಲ್ಲಿಸಿದ ಕಾರುಗಳ ಹಿಂದೆ ಬಗ್ಗಿ ಬಗ್ಗಿ ಓಡಾಡುತ್ತಿರುತ್ತಾರೆ. ದಾವಣಗೆರೆಯ ಒಂದು ಕಲ್ಯಾಣ ಮಂಟಪದಲ್ಲಿ, ಮುಹೂರ್ತಕ್ಕೆ ಇನ್ನು ಹತ್ತು ನಿಮಿಷ ಎನ್ನುವಾಗ ಮಾವ ವೇದಿಕೆ ಹತ್ತಿ ಮೈಕು ಹಿಡಿದರು. ಆಶೀರ್ವಾದ ಮಾಡುತ್ತಾರೇನೋ ಎಂದು ಎಲ್ಲರೂ ಅಕ್ಷತೆ ಸಿದ್ಧ ಮಾಡಿಕೊಂಡೆವು. "ಬೇವಿನ ಮರದ ಕೆಳಗೆ ಬಿಳಿ ಕಾರು ನಿಲ್ಲಿಸ್ದೋರು ಯಾರ್ರೀ? ಹಿಂದಿನ ಎರಡೂ ಬೋಳಾಗ್ಯಾವೆ. ಮಳೆ ಬರಂಗೈತೆ, ಊಟ ಮಾಡ್ಕಂಡು ಸೀದಾ ನನ್ನ ಅಂಗಡಿಗೆ ಬರ್ರಿ, ಹಿಂದೆ ಮುಂದೆ ಬದ್ಲಿ ಮಾಡಿ ಕೊಡ್ತೀನಿ. ದುಡ್ಡು ಬ್ಯಾಡ." ಮಂತ್ರ ಹೇಳುತ್ತಿದ್ದ ಪುರೋಹಿತರು ತಲೆ ಎತ್ತಿ ಕೇಳಿದರು, "ನಂದೇನ್ರೀ?"

ಅವರದೇ ಆಗಿತ್ತು! ಆ ಮದುವೆಯಲ್ಲಿ ಮಂತ್ರಗಳು ಬಹಳ ಬೇಗ ಮುಗಿದವು.

ನನ್ನನ್ನು ನೋಡಲು ಆವರಗೆರೆಯಿಂದ ಗಂಡಿನವರು ಬಂದ ದಿನದ ಕಥೆ ಇನ್ನೊಂದು. ಒಳಗೆ ಉಪ್ಪಿಟ್ಟು, ಕೇಸರಿಬಾತು, ಹುಡುಗ, ಹುಡುಗನ ತಾಯಿ, ನಾಚಿಕೊಂಡ ಹಾಗೆ ನಟಿಸುತ್ತಿದ್ದ ನಾನು. ಮಾವ ಎಲ್ಲಿ? ಅಂಗಳದಲ್ಲಿ, ಹುಡುಗನ ಕಾರಿನ ಹಿಂದೆ. ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದವರನ್ನು ಅಮ್ಮ ಪ್ರೀತಿಯಿಂದ ಕೇಳಿದಳು, "ಹುಡುಗ ಹೆಂಗನ್ನಿಸ್ತಾನಣ್ಣ?"

"ಹುಡುಗನ್ನ ಆಮ್ಯಾಲೆ ನೋಡನ. ಮುಂದೆ ಹೊಸಾವು ಹಾಕ್ಸ್ಯಾನ, ಹಿಂದಿನವು ಬೋಳು. ಹಿಂದಿನ ಸೀಟಿನಾಗ ಕುಂತು ಬಂದೋರು ಅವರವ್ವ. ಹೆತ್ತವ್ವನ್ನ ಬೋಳು ಟೈರಿನ ಮ್ಯಾಲೆ ಕುಂದ್ರಿಸ್ದೋನು ನಮ್ಮ ಹುಡುಗೀನ ಎಲ್ಲಿ ಕುಂದ್ರಿಸ್ತಾನ?"

ಅಮ್ಮ ಹಣೆ ಹಣೆ ಚಚ್ಚಿಕೊಂಡಳು. ಗಂಡಿನವರು ಕೇಸರಿಬಾತನ್ನು ಅರ್ಧಕ್ಕೇ ಬಿಟ್ಟು ಎದ್ದರು. ಮುಗಿಯಿತು, ಈ ಜನ್ಮಕ್ಕೆ ನನಗೆ ಮದುವೆ ಇಲ್ಲ ಎಂದು ನಾನು ಒಳಗೆ ಹೋಗಿ ಉಳಿದ ಕೇಸರಿಬಾತನ್ನು ನಾನೇ ತಿಂದೆ. ಮೂರನೆಯ ದಿನ ಮಾವನ ಫೋನು ಬಂತು. ಆ ಹುಡುಗ ಒಬ್ಬನೇ ಹರಿಹರದ ಅಂಗಡಿಗೆ ಹೋಗಿ, "ಬದ್ಲಿ ಮಾಡಿಕೊಡ್ರಿ" ಎಂದು ಕಾರು ನಿಲ್ಲಿಸಿದ್ದನಂತೆ. "ಅಡ್ಡಿ ಇಲ್ಲ ಕಣವ್ವ, ಹೇಳಿದ್ದು ಕೇಳ್ತಾನ" ಎಂದರು ಮಾವ. ಹಾಗೆ ನನ್ನ ಮದುವೆಯಾಯಿತು. ಹೇಳಿದ್ದು ಕೇಳುತ್ತಾನೆ ಎನ್ನುವುದು ಟೈರಿನ ಮಟ್ಟಿಗೆ ಮಾತ್ರ ನಿಜ ಎಂದು ಆಮೇಲೆ ಗೊತ್ತಾಯಿತು, ಆ ಮಾತು ಬೇರೆ.

ನಗುವುದಕ್ಕೆ ಇಷ್ಟು ಸಾಕು. ಹೋದ ಮಳೆಗಾಲದಲ್ಲಿ ಈ ಹಟವೇ ಮಾವನ ಅಂಗಡಿಯ ಕುತ್ತಿಗೆಗೆ ಬಂತು.

ದಾವಣಗೆರೆಯಲ್ಲಿ ದೊಡ್ಡದೊಂದು ಟೈರ್ ಷೋರೂಮು ತೆರೆಯಿತು. ತಣ್ಣನೆಯ ಕೋಣೆ, ಮೆತ್ತನೆಯ ಸೋಫಾ, ಗಾಜಿನಾಚೆ ಕೆಲಸ. ಎಲ್ಲಿಗೆ ಹೇಳಿದರೆ ಅಲ್ಲಿಗೆ ಟೈರು ಹಾಕಿ, ನಗುನಗುತ್ತಾ ಕಳಿಸುತ್ತಾರೆ. ಮಾವನ ಬೆಂಚಿನ ಮೇಲೆ ಕೂತು ಬೈಸಿಕೊಳ್ಳಲು ಯಾರಿಗೆ ಬೇಕು? ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿದರು. ಕೊನೆಗೆ ಉಳಿದ ದೊಡ್ಡ ಗಿರಾಕಿ ಒಬ್ಬರೇ, ಹನ್ನೆರಡು ಬಾಡಿಗೆ ಕಾರು ಇಟ್ಟಿದ್ದ ಟ್ರಾವೆಲ್ಸ್ ಯಜಮಾನರು. ಸದಾ ಬಿಳಿ ಅಂಗಿ, ಕೈಯಲ್ಲಿ ಮೂರು ಫೋನು. ಅವರೂ ಒಂದು ದಿನ ಬಂದು ಖಡಾಖಂಡಿತವಾಗಿ ಹೇಳಿಬಿಟ್ಟರು: "ಸ್ಟೇರಿಂಗ್ ಮುಂದೈತೆ, ಇಂಜಿನ್ ಮುಂದೈತೆ, ಡ್ರೈವರ್ ಮುಂದೆ ಕುಂದ್ರತಾನೆ. ಹೊಸಾ ಟೈರು ಹಿಂದೆ ಅಂದ್ರ ಹೆಂಗ್ರೀ? ನನ್ನ ಡ್ರೈವರ್‌ಗಳೆಲ್ಲಾ ನಗ್ತಾರೆ. ಸೋಮವಾರ ನಾಲ್ಕು ಗಾಡಿಗೆ ಹಾಕ್ಸೋದೈತೆ. ಮುಂದಕ್ಕ ಹಾಕ್ತೀರಾ, ಇಲ್ಲಾ ಷೋರೂಮಿಗೆ ಹೋಗ್ಲಾ?"

ಮಾವ ಏನೆಂದಿರಬಹುದು? "ಹೋಗ್ರಿ" ಎಂದರು.

ಅತ್ತೆ, ಅಂದರೆ ಮಾವನ ಹೆಂಡತಿ, ನನಗೆ ಫೋನು ಮಾಡಿ ಅತ್ತರು. "ಆ ಹನ್ನೆರಡು ಗಾಡಿ ಹೋದ್ರ ಷಟರ್ ಎಳಿಯೋದೇ ಕಣವ್ವ. ಅಂಗಡಿ ಇಲ್ದೆ ಈ ಮನುಷ್ಯ ನಾಲ್ಕು ದಿನ ಬಾಳಲ್ಲ. ನೀನು ಹೇಳಿದ್ರ ಕೇಳ್ತಾರೆ, ಬಂದು ಒಂದು ಮಾತು ಹೇಳು."

ಶನಿವಾರ ಶಾಲೆ ಮುಗಿಸಿ ಹರಿಹರಕ್ಕೆ ಹೋದೆ. ಮಾವ ಬೆಂಚಿನ ಮೇಲೆ ಒಬ್ಬರೇ ಕೂತು ಮಂಡಕ್ಕಿ ತಿನ್ನುತ್ತಿದ್ದರು. ನಾನು ತರಗತಿಯಲ್ಲಿ ದಡ್ಡ ಹುಡುಗರಿಗೆ ಹೇಳುವ ಸ್ವರದಲ್ಲಿಯೇ ಶುರು ಮಾಡಿದೆ.

"ಮಾವ, ಅವರ ಗಾಡಿ, ಅವರ ಟೈರು, ಅವರಿಷ್ಟ. ನಿಮಗ್ಯಾಕ ಉಸಾಬರಿ?"

"ಗಾಡಿ ಅವರದೇ. ಹಿಂದೆ ಕುಂದ್ರೋರು ಅವರ ಮಕ್ಕಳೇನು? ಬಾಡಿಗೆಗೆ ಬಂದೋರು. ಅವರನ್ನ ಯಾರು ಕೇಳ್ಯಾರ?"

"ಡ್ರೈವರ್ ಹುಷಾರಾಗಿ ಓಡಿಸ್ತಾನೆ ಬಿಡ್ರಿ."

ಮಾವ ಮಂಡಕ್ಕಿ ಪೊಟ್ಟಣ ಮಡಚಿಟ್ಟರು. "ಇಲ್ಲಿ ಕೇಳು. ಮಳ್ಯಾಗ ಮುಂದಿನ ಟೈರು ಜಾರಿದ್ರ ಗಾಡಿ ಸೀದಾ ಹೋಗುತ್ತೆ. ಡ್ರೈವರ್ ಕೈಗೆ ತಿಳಿಯುತ್ತೆ, ಕಾಲು ತೆಗಿತಾನೆ, ಗಾಡಿ ಮಾತು ಕೇಳುತ್ತೆ. ಹಿಂದಿನದು ಜಾರಿದ್ರ ಬಾಲ ಮುಂದಕ್ಕ ಬರುತ್ತೆ. ಅವನ ಕೈಗೆ ತಿಳಿಯೋ ಹೊತ್ತಿಗೆ ಗಾಡಿ ತಿರುಗಿ ನಿಂತಿರುತ್ತೆ. ಎಂಥಾ ಹುಷಾರಿ ಡ್ರೈವರ್ ಆದ್ರೂ ಅಷ್ಟೇ."

"ಇದನ್ನ ಅವರಿಗೆ ಹೇಳೋದಲ್ವಾ?"

"ಹೇಳಿ ಹೇಳಿ ಬಾಯಿ ಸೋತೈತೆ. ಇನ್ನ ತೋರಿಸ್ಬೇಕು ಅಷ್ಟೇ." ಹಾಗೆಂದವರೇ ನನ್ನ ಫೋನು ಕಿತ್ತುಕೊಂಡು ಯಜಮಾನರಿಗೆ ಕರೆ ಮಾಡಿದರು. "ನಾಳೆ ಬೆಳಿಗ್ಗೆ ಬರ್ರಿ. ನೀವೇ ಓಡಿಸ್ರಿ. ನಂದು ಸುಳ್ಳಾದ್ರ ನಾನೇ ಷಟರ್ ಎಳ್ದು ಬೀಗದಕೈ ನಿಮ್ಮ ಕೈಗೆ ಕೊಡ್ತೀನಿ."

ನಾನು ಬಂದದ್ದು ಅಂಗಡಿ ಉಳಿಸಲು. ಮಾವ ಅದನ್ನು ನನ್ನ ಫೋನಿನಲ್ಲಿಯೇ ಪಣಕ್ಕೆ ಇಟ್ಟುಬಿಟ್ಟರು!

ಎಲ್ಲಿ ತೋರಿಸುವುದು? ಮಾವನಿಗೆ ಗುರುತಿನ ಒಂದು ಅಕ್ಕಿ ಗಿರಣಿ ಇದೆ. ಅದರ ಹಿಂದೆ ಭತ್ತ ಒಣಗಿಸುವ ಸಿಮೆಂಟಿನ ಕಣ, ನಮ್ಮ ಶಾಲೆಯ ಮೈದಾನಕ್ಕಿಂತ ದೊಡ್ಡದು. ಮಳೆಗಾಲವಾದ್ದರಿಂದ ಒಂದು ಕಾಳು ಭತ್ತವೂ ಇರಲಿಲ್ಲ, ನೆಲ ನೀರು ಕುಡಿದು ಮಿರಿಮಿರಿ ಎನ್ನುತ್ತಿತ್ತು. ಭಾನುವಾರ ಬೆಳಿಗ್ಗೆ ಜಿಟಿಜಿಟಿ ಮಳೆಯಲ್ಲಿ ಮಾವ ತಮ್ಮ ಹಳೆಯ ಕಾರು ತಂದು ನಿಲ್ಲಿಸಿದರು. ಎರಡು ಹೊಸ ಟೈರು, ಎರಡು ಬೋಳು ಟೈರು. ಕಣದ ನಡುವೆ ತವುಡಿನ ಮೂಟೆ ಒಂದನ್ನು ಇಟ್ಟರು. ಅದರ ಸುತ್ತ ಕಾರು ಹೊಡೆಯಬೇಕು, ಅಷ್ಟೇ. ಗಿರಣಿಯ ಹಮಾಲರೆಲ್ಲ ತಲೆಯ ಮೇಲೆ ಗೋಣಿಚೀಲ ಹೊದ್ದು ಸಾಲಾಗಿ ಕೂತರು. ಪುಕ್ಕಟೆ ಸರ್ಕಸ್ ಯಾರಿಗೆ ಬೇಡ?

ಯಜಮಾನರು ಸ್ಟೇರಿಂಗ್ ಹಿಡಿದರು. ಮಾವ ಹಿಂದಿನ ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತರು. "ಮಾವ, ನೀವ್ಯಾಕೆ?" ಎಂದೆ. "ಯಾರಾರ ಒಬ್ರು ಹಿಂದೆ ಇರ್ಬೇಕಲ್ಲವ್ವ" ಎಂದರು.

ಮೊದಲ ಸಲ ಹೊಸದು ಹಿಂದೆ, ಬೋಳು ಮುಂದೆ. ಕಾರು ಮೂಟೆಯ ಸುತ್ತ ತಿರುಗುವ ಬದಲು ಹೊರಕ್ಕೆ ಜಾರಿತು. ಯಜಮಾನರು ಕಾಲು ತೆಗೆದರು, ಕಾರು ಗೊಣಗಿಕೊಂಡು ದಾರಿಗೆ ಬಂತು. "ನೋಡ್ರಿ, ಜಾರ್ತು!" ಎಂದು ಯಜಮಾನರು ಗೆದ್ದವರ ಹಾಗೆ ಕೂಗಿದರು. ಹಮಾಲರು ಚಪ್ಪಾಳೆ ತಟ್ಟಿದರು. ಮುಗಿಯಿತು, ಬೀಗದಕೈ ಕೊಟ್ಟ ಹಾಗೇ!

ಮಾವ ಜಾಕು ಹಾಕಿ ನಾಲ್ಕೂ ಚಕ್ರ ಬಿಚ್ಚಿ, ಹೊಸದನ್ನು ಮುಂದಕ್ಕೆ, ಬೋಳನ್ನು ಹಿಂದಕ್ಕೆ ಹಾಕಿದರು. ಅರವತ್ತು ದಾಟಿದ ಮನುಷ್ಯ, ಮಳೆಯಲ್ಲಿ, ಒಬ್ಬರೇ. ಮತ್ತೆ ಹೋಗಿ ಹಿಂದೆ ಕೂತರು. "ಅಷ್ಟೇ ಸ್ಪೀಡ್ ಹೊಡೀರಿ. ಜಾಸ್ತಿ ಬ್ಯಾಡ."

ಕಾರು ಹೊರಟಿತು. ಮೊದಲು ಎಷ್ಟು ಚೆನ್ನಾಗಿ ತಿರುಗಿತು ಗೊತ್ತೇ? ಯಜಮಾನರು ನಗುತ್ತಿದ್ದುದು ಕಿಟಕಿಯಲ್ಲಿ ಕಾಣಿಸಿತು. ಅಷ್ಟರಲ್ಲಿ ಅವರು ಸ್ವಲ್ಪ ಕಾಲು ತೆಗೆದರೋ ಇಲ್ಲವೋ, ಕಾರಿನ ಹಿಂಭಾಗ ಹೊರಕ್ಕೆ ಬೀಸಿತು. ಒಂದು ಸುತ್ತು, ಅದರ ಮೇಲೆ ಇನ್ನರ್ಧ ಸುತ್ತು. ಹಿಂದಿನ ಕಿಟಕಿಯಲ್ಲಿ ಮಾವನ ಬಿಳಿ ತಲೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬಡಿದದ್ದು ಕಂಡು ನಾನು ಕೊಡೆ ಎಸೆದು ಕಿರುಚಿದೆ. ಕಾರು ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು. ಹಮಾಲರಲ್ಲಿ ಒಬ್ಬನೂ ಚಪ್ಪಾಳೆ ತಟ್ಟಲಿಲ್ಲ.

ಯಜಮಾನರು ಇಳಿದು ಬಂದು ತವುಡಿನ ಮೂಟೆಯ ಮೇಲೆ ಕೂತರು. ಬಿಳಿ ಅಂಗಿ, ಒದ್ದೆ ಮೂಟೆ, ಅದರ ಪರಿವೆಯೇ ಇಲ್ಲ. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು, ಎತ್ತಲಿಲ್ಲ. "ಸ್ಟೇರಿಂಗ್ ತಿರುಗಿಸಿದ್ನಲ್ರೀ ನಾನು. ಅದು ಕೇಳ್ಲೇ ಇಲ್ಲ" ಎಂದರು.

ನನಗೆ ಆದ ಹೆಮ್ಮೆ ಎಷ್ಟೆಂದು ಹೇಳಲಿ! ಹಾಳು ಸೋಫಾ, ಹಾಳು ಷೋರೂಮು! ಒಂದು ಜಾಕು, ಒಂದು ಮೂಟೆ ತವುಡು ಇಟ್ಟುಕೊಂಡು ನಮ್ಮ ಮಾವ ಗೆದ್ದಿದ್ದರು. ಹತ್ತು ಜನರೆದುರು ಅವರ ಬೆನ್ನು ತಟ್ಟಬೇಕೆಂದು ಹತ್ತಿರ ಹೋದೆ. ಆಗ ಯಜಮಾನರು ತಲೆಯೆತ್ತಿ, ಏನೋ ನೆನಪಾದವರ ಹಾಗೆ ಕೇಳಿದರು.

"ಅಲ್ರೀ, ನನ್ನ ಮೊದಲ್ನೇ ಗಾಡಿ ಇತ್ತಲ್ಲ, ಹಳೇದು. ಅದಕ್ಕ ಹೊಸಾವು ಮುಂದಕ್ಕ ಹಾಕಿ ಕೊಟ್ಟಿದ್ದು ನೀವೇ ಅಲ್ವಾ?"

ಮಾವ ಸ್ಪ್ಯಾನರ್ ಕೆಳಗಿಟ್ಟರು. "ನಾನೇ."

"ಮತ್ತ?"

"ಆಗ ನನಗ ಗೊತ್ತಿರ್ಲಿಲ್ಲ. ಹದಿನೈದು ವರ್ಷ ಎಲ್ಲಾರಿಗೂ ಮುಂದಕ್ಕೇ ಹಾಕ್ದೆ. ಜಂಬದಿಂದ ಹಾಕ್ದೆ. ಆಮ್ಯಾಲೆ ಟೈರು ಕಂಪನಿಯೋರು ಒಂದ್ಸಲ ಟ್ರೈನಿಂಗ್ ಅಂತ ಕರ್ಕಂಡೋಗಿ ಇದೇ ಆಟ ತೋರಿಸಿದ್ರು. ಹಿಂದಿನ ಸೀಟಿಗೆ ನನ್ನ ಕುಂದ್ರಿಸಿದ್ರು. ಗಾಡಿ ತಿರುಗ್ತಿದ್ದಂಗ, ನಾನು ಹಾಕಿ ಕಳಿಸಿದ ಗಾಡಿಗಳೆಲ್ಲಾ ಒಂದೊಂದಾಗಿ ಕಣ್ಮುಂದೆ ಬಂದ್ವು. ಯಾರ್ಯಾರು ಹಿಂದೆ ಕುಂತಿದ್ರು, ಎಲ್ಲಾ." ಮಾವ ಎರಡೂ ಕೈ ಜೋಡಿಸಿದರು. "ತಪ್ಪಾತು ನಂದು."

ನಮ್ಮ ಮಾವ ತಪ್ಪಾಯಿತು ಎಂದದ್ದನ್ನು ಅತ್ತೆಯೂ ಕೇಳಿದವರಲ್ಲ. ಯಜಮಾನರು ಗಡಬಡಿಸಿ ಎದ್ದು ಅವರ ಕೈ ಬಿಡಿಸಿದರು. "ಬಿಡ್ರಿ, ಬಿಡ್ರಿ. ಸೋಮವಾರ ನಾಲ್ಕಲ್ಲ, ಹನ್ನೆರಡೂ ಗಾಡಿ ಕಳಿಸ್ತೀನಿ. ಎಲ್ಲಿಗಾರ ಹಾಕ್ರಿ, ನಾನು ಇನ್ನ ಕೇಳಲ್ಲ."

ಅಂಗಡಿ ಉಳಿಯಿತು. ಅತ್ತೆಗೆ ಫೋನು ಮಾಡಿ ಹೇಳಿದೆ, ಅವರು ಮತ್ತೆ ಅತ್ತರು. ಮಾವ ತಮ್ಮ ಕಾರನ್ನು ಗಿರಣಿಯಲ್ಲೇ ಬಿಟ್ಟು ನನ್ನ ಕಾರಿನಲ್ಲಿ ಕೂತರು. ಗಿರಣಿಯ ಗೇಟು ದಾಟಿದ ಮೇಲೆ ನಾನೇ ಕೇಳಿದೆ, "ಅದಕ್ಕೇನಾ ಕಂಡ ಕಂಡ ಗಾಡಿಗಳ ಹಿಂದೆ ಬಗ್ಗಿ ನೋಡೋದು?"

"ಮಂದಿ ನೆನಪಿರಲ್ಲ ನನಗ. ಗಾಡಿ ನೆನಪಿರ್ತಾವೆ. ನಾನು ಹಾಕಿದ ಟೈರು ಯಾವಾಗ್ಲೋ ಸವೆದೋಗಿರ್ತಾವೆ. ಆದ್ರ ಹರಿಹರದೋರು ಮುಂದಕ್ಕ ಹಾಕಿದ್ರು ಅಂತ ಅವರು ಇವತ್ತಿಗೂ ಮುಂದಕ್ಕೇ ಹಾಕಿಸ್ತಿದ್ರ? ಸಿಕ್ಕಿದೋರಿಗೆಲ್ಲಾ ಹೇಳೀನಿ. ಸಿಗದೋರು ಅದಾರಲ್ಲ." ಹೆಬ್ಬೆರಳಿನ ಉಗುರಿನ ಕಪ್ಪು ಕೆರೆದರು. "ಯಾರಿಗಾರ ಏನಾರ ಆಗಿದ್ರ, ನನಗ ಯಾರು ಬಂದು ಹೇಳ್ತಾರವ್ವ?"

ಕಾರು ಬದಿಗೆ ನಿಲ್ಲಿಸಿ ಅವರ ಕೈ ಹಿಡಿದುಕೊಂಡೆ. ಹೊಟ್ಟೆಯೊಳಗೆ ಇಷ್ಟು ವರ್ಷ ಇದನ್ನು ಇಟ್ಟುಕೊಂಡು ನಮ್ಮನ್ನೆಲ್ಲ ನಗಿಸುತ್ತಿದ್ದರಲ್ಲ ಎಂದು ಸಂಕಟವಾಯಿತು.

"ಯಾರ್ಯಾರು ಸಿಕ್ಕಿಲ್ಲ ಮಾವ?"

"ಬಾಳ ಮಂದಿ. ನಂದಿಗುಡಿ ಕಡೇದು ಒಂದು ನೀಲಿ ವ್ಯಾನ್ ಇತ್ತು. ಐದು ಹುಡುಗ್ರು ಹಿಂದೆ ಕುಂದ್ರತಿದ್ವು. ಎರಡು ಸಲ ಹೋಗಿ ಊರ ಬಾಗ್ಲಿಂದ ವಾಪಸ್ ಬಂದೀನಿ. ಕೇಳಕ್ಕ ಧೈರ್ಯ ಆಗ್ಲಿಲ್ಲ."

ನಾನು ಕಾರು ತಿರುಗಿಸಿದೆ. "ಬ್ಯಾಡ ಬಿಡವ್ವ, ಇನ್ನೊಂದು ದಿನ" ಎನ್ನುತ್ತಲೇ ಇದ್ದರು. ನಾನು ಕೇಳಲಿಲ್ಲ. ಹಟ ನಮ್ಮ ಮನೆತನದ್ದೇ ಅಲ್ಲವೇ?

ನಂದಿಗುಡಿಯಲ್ಲಿ ನೀಲಿ ವ್ಯಾನು ಎಂದು ಕೇಳಿದರೆ ಮೂರನೆಯವರೇ ಮನೆ ತೋರಿಸಿದರು. ಗದ್ದೆಯ ಅಂಚಿನ ಮನೆ. ಜಗುಲಿಯ ಮೇಲೆ ಮಾವನ ವಯಸ್ಸಿನ ಹೆಂಗಸೊಬ್ಬರು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಮಾವ ಅಂಗಳದಲ್ಲೇ ನಿಂತುಬಿಟ್ಟರು. "ಇವರು ನಮ್ಮ ಸೋದರಮಾವ ರೀ, ಹರಿಹರದ ಟೈರ್ ಅಂಗಡಿಯವರು" ಎಂದು ನಾನೇ ಹೇಳಿದೆ. "ನಿಮ್ಮ ವ್ಯಾನಿನ ವಿಚಾರ ಕೇಳೋಣ ಅಂತ ಬಂದ್ವಿ."

"ಅದನ್ನ ಮಾರಿ ಬಾಳ ವರ್ಷ ಆತಲ್ಲ ಯಪ್ಪಾ" ಎಂದರು ಆಕೆ. "ಈಗ್ಯಾಕ?"

ಮಾವ ಎರಡು ಹೆಜ್ಜೆ ಮುಂದೆ ಬಂದರು. "ಹಿಂದೆ ಹುಡುಗ್ರು ಕುಂದ್ರತಿದ್ವು. ಐದು."

"ಹೂಂ, ನನ್ನ ಮೊಮ್ಮಕ್ಕಳು."

"ಚಲೋ ಅದಾವಾ?"

"ಚಲೋ ಅದಾವೆ. ದೊಡ್ಡಾಕಿಗೆ ಲಗ್ನ ಆತು."

"ಐದೂ?"

"ಐದೂ" ಎಂದರು ಆಕೆ, ಇದೇನು ಕೇಳುತ್ತಿದ್ದಾರೆ ಎನ್ನುವ ಮುಖದಲ್ಲಿ.

ಮಾವ ಜಗುಲಿಯ ಅಂಚಿಗೆ ಕೂತರು. ಬೆಳ್ಳುಳ್ಳಿಯ ಮೊರದ ಪಕ್ಕದಲ್ಲಿ, ಕಪ್ಪು ಹಿಡಿದ ಎರಡೂ ಅಂಗೈ ಮುಖಕ್ಕೆ ಒತ್ತಿಕೊಂಡು, ಬಿಕ್ಕಿ ಬಿಕ್ಕಿ ಅತ್ತರು. ಆಕೆ ಗಾಬರಿಯಾಗಿ ಒಳಕ್ಕೆ ಓಡಿ ಒಂದು ಚೊಂಬು ನೀರು ತಂದರು.